ಸುಲ್ತಾನರ ಸರದಿಯಲ್ಲಿ ವಿಜಯಪುರ: ಎರಡು ದಿನದ ಊರು ನೋಟದ ವಿಮರ್ಶೆ

ಉತ್ತರ ಕರ್ನಾಟಕದ ಪ್ರವಾಸವೆಂದು ಹೊರಡುವ ಬಸ್ಸುಗಳ ವೇಳಾಪಟ್ಟಿಯಲ್ಲಿ ವಿಜಯಪುರಕ್ಕೆ ಸಾಮಾನ್ಯವಾಗಿ ಸಿಗುವುದು ಮೂರು ನಾಲ್ಕು ತಾಸು ಮಾತ್ರ. ಬಾದಾಮಿಯಿಂದ ಹೊರಟು, ಮಧ್ಯಾಹ್ನದ ಬಿಸಿಲಿನಲ್ಲಿ ಗೋಳಗುಮ್ಮಟದ ಮುಂದೆ ಇಳಿದು, ಮೇಲೆ ಹತ್ತಿ ಒಮ್ಮೆ ಕೂಗಿ, ಕೆಳಗಿಳಿದು ಊಟ ಮಾಡಿ, ಸಾಧ್ಯವಾದರೆ ಇಬ್ರಾಹಿಂ ರೋಜಾಕ್ಕೆ ಒಂದು ಸುತ್ತು ಹಾಕಿ, ಕತ್ತಲಾಗುವ ಮೊದಲು ಸೊಲ್ಲಾಪುರದ ದಾರಿ ಹಿಡಿಯುವುದು ರೂಢಿ. ಹೀಗೆ ನೋಡಿ ಬಂದವರು ‘ಅಲ್ಲಿ ಗೋಳಗುಮ್ಮಟ ಬಿಟ್ಟರೆ ಮತ್ತೇನೂ ಇಲ್ಲ’ ಎನ್ನುವುದನ್ನು ನಾನು ಹಲವು ಬಾರಿ ಕೇಳಿದ್ದೇನೆ. ಹಿಂದೊಮ್ಮೆ ಶಾಲಾ ಪ್ರವಾಸದಲ್ಲಿ ನೋಡಿ ಬಂದ ನಾನೂ ಹಾಗೆಯೇ ಹೇಳಿದವನು. ಈ ಚಳಿಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ಎರಡು ಇಡೀ ದಿನಗಳನ್ನು ಆ ಊರಿಗೇ ಮೀಸಲಿಟ್ಟು ಹೋದಾಗ, ತಪ್ಪು ಊರಿನದಲ್ಲ, ನಾವು ಅದನ್ನು ನೋಡುವ ಅನುಕ್ರಮದ್ದು ಎಂದು ಮನವರಿಕೆಯಾಯಿತು. ಗೋಳಗುಮ್ಮಟವನ್ನು ಮೊದಲು ನೋಡಿದವನ ಕಣ್ಣಿಗೆ ಉಳಿದದ್ದೆಲ್ಲ ಸಣ್ಣದಾಗಿ ಕಾಣುತ್ತದೆ. ಅದನ್ನು ಎರಡನೆಯ ದಿನಕ್ಕೆ ಇಟ್ಟುಕೊಂಡು, ಆದಿಲ್‌ಶಾಹಿ ಸುಲ್ತಾನರು ಆಳಿದ ಸರದಿಯಲ್ಲಿಯೇ ಕಟ್ಟಡಗಳನ್ನು ನೋಡುತ್ತ ಹೋದರೆ ಊರು ತನ್ನ ಕಥೆಯನ್ನು ತಾನೇ ಹೇಳುತ್ತದೆ.

ಆ ಸರದಿ ಕಷ್ಟದ್ದೇನಲ್ಲ. ನೆನಪಿಡಬೇಕಾದ ಹೆಸರುಗಳು ನಾಲ್ಕೇ: ರಕ್ಕಸತಂಗಡಿಯ ಯುದ್ಧದ ಕಾಲದ ಮೊದಲನೆಯ ಅಲಿ ಆದಿಲ್‌ಶಾಹ, ಅವನ ಅಣ್ಣತಮ್ಮಂದಿರ ಮಗನಾದ ಎರಡನೆಯ ಇಬ್ರಾಹಿಂ, ಇಬ್ರಾಹಿಮನ ಮಗ ಮೊಹಮ್ಮದ್, ಅವನ ನಂತರದ ಎರಡನೆಯ ಅಲಿ. ನಾವು ನೋಡುವ ಮುಖ್ಯ ಕಟ್ಟಡಗಳೆಲ್ಲ ಈ ನಾಲ್ವರ ಕಾಲದವು, ಅಂದರೆ 1558ರಿಂದ 1672ರವರೆಗಿನ ನೂರು ಚಿಲ್ಲರೆ ವರ್ಷಗಳವು.

ಬೆಂಗಳೂರು, ಮೈಸೂರು ಕಡೆಯಿಂದ ಬರುವವರಿಗೆ ರೈಲು ಎಲ್ಲಕ್ಕಿಂತ ಅನುಕೂಲ. ಹುಬ್ಬಳ್ಳಿ, ಗದಗ, ಬಾದಾಮಿ, ಬಾಗಲಕೋಟೆ, ಆಲಮಟ್ಟಿಯ ಮೇಲೆ ಬರುವ ರಾತ್ರಿ ಗಾಡಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಎಂದೇ ಹೆಸರು. ನಿಲ್ದಾಣ ಊರಿನ ಪೂರ್ವದ ಅಂಚಿನಲ್ಲಿದ್ದು, ಹೊರಗೆ ಬಂದ ಕೂಡಲೇ ಆ ಗುಮ್ಮಟ ಎದುರಿಗೇ ಕಾಣುವುದರಿಂದ ನನ್ನ ಯೋಜನೆಗೆ ಮೊದಲ ಪರೀಕ್ಷೆ ಅಲ್ಲಿಯೇ ಎದುರಾಯಿತು. ಟಾಂಗಾದವರು ಕುದುರೆಯ ಕೊರಳ ಗೆಜ್ಜೆ ಸರಿಪಡಿಸುತ್ತ, ‘ಮದ್ಲ ಗೋಳಗುಮ್ಮಟಕ್ಕ ಹೋಗೂನ್ರಿ ಸಾಹೇಬ್ರ, ಎಲ್ಲಾರೂ ಅಲ್ಲಿಂದನ ಸುರು ಮಾಡ್ತಾರ’ ಎಂದರು. ನಾಳೆ ಬೆಳಿಗ್ಗೆ ನೋಡುತ್ತೇವೆ, ಇವತ್ತು ಅರಕಿಲ್ಲೆಯಿಂದ ಶುರು ಮಾಡಿ ಎಂದಾಗ ಅವರು ನನ್ನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ಇದು ಯಾವ ಲೆಕ್ಕವೋ ಎಂಬಂತೆ ನಕ್ಕು ಹಗ್ಗ ಸಡಿಲಿಸಿದರು. ಟಾಂಗಾ ಈ ಊರಿನ ಒಂದು ಸುಖ. ನಡಿಗೆಗಿಂತ ತುಸು ವೇಗ, ಆಟೋಗಿಂತ ಬಹಳ ನಿಧಾನ, ಎರಡೂ ಕಡೆ ನೋಡುತ್ತ ಹೋಗಲು ತಕ್ಕ ಎತ್ತರ. ಬಾಡಿಗೆಯನ್ನು ಮೊದಲೇ ಮಾತನಾಡಿಕೊಳ್ಳಬೇಕು, ಬಿಸಿಲು ಏರಿದ ಮೇಲೆ ಕುದುರೆಯನ್ನು ಓಡಿಸಲು ಒತ್ತಾಯಿಸಬಾರದು. ಮಧ್ಯಾಹ್ನದ ಓಡಾಟಕ್ಕೆ ಆಟೋ ಸಾಕು.

ಅರಕಿಲ್ಲೆ ಎಂದರೆ ಊರಿನ ನಡುವಣ ಒಳಕೋಟೆ. ಇದನ್ನು ಹಾಳು ಹಂಪಿಯಂತೆ ಕಲ್ಪಿಸಿಕೊಂಡು ಹೋದರೆ ನಿರಾಸೆಯಾಗುತ್ತದೆ, ಏಕೆಂದರೆ ಇಲ್ಲಿನ ಅರಮನೆಗಳ ನಡುವೆಯೇ ಕಚೇರಿಗಳು, ರಸ್ತೆಗಳು, ಉದ್ಯಾನ, ಚಹಾದ ಅಂಗಡಿಗಳು ಬೆಳೆದುಕೊಂಡಿವೆ. ನನಗೆ ಆ ಬೆರಕೆಯೇ ಹಿಡಿಸಿತು. 1561ರಲ್ಲಿ ಮೊದಲನೆಯ ಅಲಿ ಕಟ್ಟಿಸಿದ ಗಗನ ಮಹಲಿನ ಮುಂಭಾಗದಲ್ಲಿ ಮೂರು ಕಮಾನುಗಳಿದ್ದು, ನಡುವಿನದು ಸುಮಾರು 60 ಅಡಿ ಅಗಲವಿದೆ. ಮೇಲ್ಛಾವಣಿ ಹೋಗಿ ಎಷ್ಟೋ ಕಾಲವಾಗಿರುವುದರಿಂದ ಆ ಕಮಾನಿನ ಹಿಂದೆ ನಿಜಕ್ಕೂ ಗಗನವೇ ಇದೆ. ಕೆಳಗೆ ದರ್ಬಾರು, ಮೇಲೆ ರಾಜಪರಿವಾರದ ವಾಸ. ಇದೇ ಕಟ್ಟಡದಲ್ಲಿ 1686ರಲ್ಲಿ, ಊರು ಬಿದ್ದ ಮೇಲೆ, ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿಯಲ್ಲಿ ಔರಂಗಜೇಬನ ಮುಂದೆ ತಂದು ನಿಲ್ಲಿಸಿದರೆಂಬುದು ಪ್ರಸಿದ್ಧ. ಮೊದಲ ನಿಲುಗಡೆಯಲ್ಲಿಯೇ ವಂಶದ ಆರಂಭದ ವೈಭವವೂ ಅಂತ್ಯವೂ ಒಂದೇ ಕಮಾನಿನಡಿ ಸಿಕ್ಕಿಬಿಡುತ್ತವೆ. ನಾವು ಹೋದಾಗ ಆ ಕಮಾನಿನ ನೆರಳಲ್ಲಿ ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತಿದ್ದರು.

ಅಲ್ಲಿಂದ ಕೂಗಳತೆಯಲ್ಲಿ 1583ರ ಸಾತ್ ಮಂಜಿಲ್ ಇದೆ. ಹೆಸರಿಗೆ ಏಳು ಅಂತಸ್ತು, ಈಗ ಉಳಿದಿರುವುದು ಐದು. ಅದರ ಎದುರು, ರಸ್ತೆಯ ಪಕ್ಕದಲ್ಲಿ, ಆಟಿಕೆಯಷ್ಟು ಅಚ್ಚುಕಟ್ಟಾದ ಜಲಮಂಜಿಲ್ ಎಂಬ ಪುಟ್ಟ ಕಲ್ಲುಮಂಟಪವಿದೆ. ಒಂದು ಕಾಲದಲ್ಲಿ ಕೊಳದ ನಡುವೆ ನಿಂತಿದ್ದ ಇದನ್ನು ಈಗ ದ್ವಿಚಕ್ರ ವಾಹನಗಳ ಪ್ರವಾಹ ಸುತ್ತುವರಿದಿದೆ. ಬಹುಪಾಲು ಪ್ರವಾಸಿಗರು ಇದನ್ನು ಗಮನಿಸುವುದೇ ಇಲ್ಲ. ಜುಮ್ಮಾ ಮಸೀದಿಗೆ ಹೋಗುವ ದಾರಿಯಲ್ಲಿರುವ ಮೆಹತರ್ ಮಹಲಿನ ಗತಿಯೂ ಅಷ್ಟೇ. ಮಹಲು ಎಂಬುದು ಹೆಸರಿಗೆ ಮಾತ್ರ, ಅದೊಂದು ಮಸೀದಿಯ ಹೆಬ್ಬಾಗಿಲು. ಆದರೆ ಅದರ ಮುಂಚಾಚಿದ ಕಿಟಕಿಗಳನ್ನು ಹೊತ್ತಿರುವ ಕಲ್ಲಿನ ಚಾಚುಗಳ ಕೆತ್ತನೆ ಬಡಗಿಯ ಕೆಲಸದಷ್ಟು ನವಿರಾಗಿದೆ. ಕಲ್ಲನ್ನು ಮರವೆಂದು ಭಾವಿಸಿ ಕೆತ್ತಿದವರು ಯಾರೋ ಎಂದು ಅಮ್ಮ ಬಹಳ ಹೊತ್ತು ಕತ್ತೆತ್ತಿ ನಿಂತರು. ನನ್ನ ಲೆಕ್ಕದಲ್ಲಿ ಇಡೀ ಊರಿನಲ್ಲಿ ತನ್ನ ಯೋಗ್ಯತೆಗೆ ತಕ್ಕ ಗಮನ ಸಿಗದ ಕಟ್ಟಡ ಇದೊಂದೇ.

ಜುಮ್ಮಾ ಮಸೀದಿಯಲ್ಲಿ ಸದ್ದಿಲ್ಲ. ರಕ್ಕಸತಂಗಡಿಯ 1565ರ ಗೆಲುವಿನ ನಂತರ ಮೊದಲನೆಯ ಅಲಿ ಆರಂಭಿಸಿದ ಈ ಮಸೀದಿಯ ಮಿನಾರುಗಳು ಪೂರ್ಣಗೊಳ್ಳಲೇ ಇಲ್ಲ, ಆದರೆ ಆ ಕೊರತೆ ಒಳಗೆ ಕಾಲಿಟ್ಟವರಿಗೆ ಅರಿವಾಗುವುದಿಲ್ಲ. ಸುಣ್ಣದ ಬಿಳುಪಿನ ಕಮಾನುಗಳ ಸಾಲು ಒಂದರ ಹಿಂದೆ ಒಂದಾಗಿ ಕಿರಿದಾಗುತ್ತ ಹೋಗುವುದನ್ನು ನೋಡುತ್ತ ನಿಂತರೆ ಹೊರಗಿನ ಪೇಟೆಯ ಗದ್ದಲ ಮರೆತೇ ಹೋಗುತ್ತದೆ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಸುಮಾರು 2,250 ಪ್ರಾರ್ಥನಾ ಚೌಕಗಳನ್ನು ಬರೆಸಿದವನು ಔರಂಗಜೇಬನೆಂದು ಹೇಳುತ್ತಾರೆ. ಇದು ಇಂದಿಗೂ ನಮಾಜು ನಡೆಯುವ ಮಸೀದಿಯಾದ್ದರಿಂದ ಪ್ರವೇಶಕ್ಕೆ ಹಣವಿಲ್ಲ, ಪಾದರಕ್ಷೆ ಹೊರಗೆ ಬಿಡಬೇಕು, ಮೈತುಂಬ ಬಟ್ಟೆ ಇರಬೇಕು, ಪ್ರಾರ್ಥನೆಯ ಹೊತ್ತಿನಲ್ಲಿ, ಅದರಲ್ಲೂ ಶುಕ್ರವಾರ ಮಧ್ಯಾಹ್ನ, ಹೋಗಬಾರದು. ಪಡುವಣ ಗೋಡೆಯ ಬಣ್ಣದ ಮಿಹ್ರಾಬ್, ಅಂದರೆ ಮೆಕ್ಕಾದ ದಿಕ್ಕು ತೋರುವ ಗೂಡು, ಮೊಹಮ್ಮದನ ಕಾಲದ ಸೇರ್ಪಡೆ.

ಮಧ್ಯಾಹ್ನದ ಊಟವನ್ನು ಖಾನಾವಳಿಯಲ್ಲಿ ಮಾಡದೆ ಬೇರೆಲ್ಲಿ ಮಾಡಿದರೂ ವಿಜಯಪುರದ ಪ್ರವಾಸ ಅರ್ಧವಾಗುತ್ತದೆ. ಕಟ್ಟಡಗಳ ವಿಮರ್ಶೆಯ ನಡುವೆ ರೊಟ್ಟಿಯ ಮಾತೇಕೆ ಎಂದು ಕೇಳುವವರಿಗೆ ಉತ್ತರವಿದೆ: ಈ ಕೋಟೆ, ಮಸೀದಿ, ಗೋರಿಗಳಿಗೆಲ್ಲ ಅನ್ನ ಹಾಕಿದ್ದು ಸುತ್ತಲಿನ ಎರೆಮಣ್ಣು. ‘ಡೋಣಿ ಹರಿದರೆ ಓಣೆಲ್ಲಾ ಜೋಳ’ ಎಂಬ ಇಲ್ಲಿನ ಗಾದೆ ಜಿಲ್ಲೆಯಲ್ಲಿ ಹರಿಯುವ ಡೋಣಿ ನದಿಯ ಬಯಲನ್ನು ಕುರಿತದ್ದು. ಆ ಬಿಳಿಜೋಳದ ರೊಟ್ಟಿ, ತಟ್ಟುವ ಸಪ್ಪಳ ಕೇಳುತ್ತಿರುವಾಗಲೇ ತಟ್ಟೆಗೆ ಬಂದರೆ, ನಮ್ಮ ಕಡೆಯ ಹೋಟೆಲುಗಳಲ್ಲಿ ಸಿಗುವ ಒಣಗಿದ ತುಂಡಿಗೂ ಇದಕ್ಕೂ ಸಂಬಂಧವೇ ಇಲ್ಲ ಎನಿಸುತ್ತದೆ. ಜೊತೆಗೆ ಬದನೆಕಾಯಿ ಎಣಗಾಯಿ, ಮಡಕಿಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯದ ಎಳೆಸೊಪ್ಪು. ನಾವು ಹೋದ ಖಾನಾವಳಿಗೆ ಫಲಕವೂ ಸರಿಯಾಗಿ ಇರಲಿಲ್ಲ. ಟಾಂಗಾದವರು ತೋರಿಸಿದ ಓಣಿಯಲ್ಲಿ ಹುಡುಕಿಕೊಂಡು ಹೋದೆವು. ಬಡಿಸುತ್ತಿದ್ದ ಹೆಂಗಸು ಅಮ್ಮನ ತಟ್ಟೆ ಖಾಲಿಯಾಗಲು ಬಿಡದೆ, ‘ಯವ್ವಾ, ಬಿಸಿ ರೊಟ್ಟಿ ಬಂತ ನೋಡ್ರಿ, ಇನ್ನೊಂದ ತಿನ್ರಿ’ ಎನ್ನುತ್ತ ಮೂರನೆಯದನ್ನು ಹಾಕಿಯೇ ಬಿಟ್ಟರು. ಖಾರದ ಬಗ್ಗೆ ಮಾತ್ರ ಎಚ್ಚರ ಹೇಳಬೇಕು. ಶೇಂಗಾ ಚಟ್ನಿ ಮೊದಲ ತುತ್ತಿಗೆ ಸೌಮ್ಯವಾಗಿ ಕಂಡರೂ ಎಣಗಾಯಿಯ ಮಸಾಲೆಯೊಂದಿಗೆ ಸೇರಿದಾಗ ಮೊಸರೇ ಗತಿ. ಅನ್ನ ಕೊನೆಗೆ ಸ್ವಲ್ಪವೇ ಬರುತ್ತದೆ, ಅದನ್ನೇ ಊಟವೆಂದು ನಂಬಿ ಕಾಯುವ ದಕ್ಷಿಣದವರು ರೊಟ್ಟಿಯಲ್ಲಿಯೇ ಹೊಟ್ಟೆ ತುಂಬಿಸಿಕೊಳ್ಳುವುದು ಲೇಸು.

ಬಿಸಿಲು ಇಳಿಯುತ್ತ ಬಂದಾಗ ಎರಡನೆಯ ಇಬ್ರಾಹಿಮನ ಕಡೆಗೆ, ಅಂದರೆ ಊರಿನ ಪಶ್ಚಿಮಕ್ಕೆ ಹೊರಟೆವು. ದಾರಿಯಲ್ಲಿ ಮೆಕ್ಕಾ ದರವಾಜೆಯ ಬಳಿ ತಾಜ್ ಬಾವಡಿ. 1620ರಲ್ಲಿ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ತೋಡಿಸಿದ್ದಿದು. ಬಾವಿ ಎಂದರೆ ಸಣ್ಣದನ್ನು ನೆನೆಯಬೇಡಿ. ಎರಡೂ ಕಡೆ ಗೋಪುರಗಳಿರುವ ಭಾರಿ ಕಮಾನಿನಡಿಯಲ್ಲಿ ಮೆಟ್ಟಿಲು ಇಳಿದರೆ ಕಣ್ಣೆದುರಿಗೆ ಕೆರೆಯಷ್ಟು ನೀರು. ಹಿಂದೆ ಕಸ ತುಂಬಿ ಕಣ್ಣೆತ್ತಿ ನೋಡಲಾಗದಂತಿದ್ದ ಈ ಬಾವಡಿಯ ಹೂಳನ್ನು ಕೆಲವು ವರ್ಷಗಳ ಹಿಂದೆ ತೆಗೆಸಿ ನೀರಿಗೆ ಮತ್ತೆ ಮರ್ಯಾದೆ ತಂದಿದ್ದಾರೆ. ಈ ಒಣನಾಡಿನಲ್ಲಿ ಲಕ್ಷಾಂತರ ಜನರ ರಾಜಧಾನಿ ಬದುಕಿದ್ದೇ ಇಂಥ ಬಾವಡಿಗಳಿಂದ ಮತ್ತು ತೊರವಿಯ ಕಡೆಯಿಂದ ನೆಲದಡಿಯ ಸುರಂಗ, ಮಣ್ಣಿನ ಕೊಳವೆಗಳಲ್ಲಿ ಬರುತ್ತಿದ್ದ ನೀರಿನಿಂದ. ಊರಿನಲ್ಲಿ ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಚೌಕಾಕಾರದ ಕಲ್ಲಿನ ಕಂಬಗೋಪುರಗಳನ್ನು ಕಂಡು ಅವೇನು ಗೋರಿಯೂ ಅಲ್ಲ, ಬುರುಜೂ ಅಲ್ಲ ಎಂದು ಗೊಂದಲಪಟ್ಟಿದ್ದೆ. ಅವು ಗಂಜ್‌ಗಳು, ಕೊಳವೆಯಲ್ಲಿನ ನೀರಿನ ಒತ್ತಡವನ್ನು ತಗ್ಗಿಸಿ ಹೂಳನ್ನು ತಡೆಯುವ ನೀರುಗೋಪುರಗಳು. ಒಮ್ಮೆ ಗುರುತು ಸಿಕ್ಕ ಮೇಲೆ ಟಾಂಗಾದಿಂದಲೇ ಅವುಗಳನ್ನು ಎಣಿಸುವುದು ಅಮ್ಮನಿಗೆ ಆಟವಾಯಿತು.

ಇಬ್ರಾಹಿಂ ರೋಜಾವನ್ನು ಸಂಜೆಯ ಓರೆಬಿಸಿಲಿನಲ್ಲಿಯೇ ನೋಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎತ್ತರದ ಆವರಣದೊಳಗೆ, ಒಂದೇ ಜಗಲಿಯ ಮೇಲೆ, ಎಡಬಲಕ್ಕೆ ಗೋರಿ ಮತ್ತು ಮಸೀದಿ ಮುಖಾಮುಖಿಯಾಗಿ ನಿಂತಿವೆ, ನಡುವೆ ಕೊಳವಿದೆ. ರಾಣಿಗಾಗಿ ಕಟ್ಟಿಸತೊಡಗಿದ ಗೋರಿಯಲ್ಲಿ 1627ರಲ್ಲಿ ತೀರಿಕೊಂಡ ಇಬ್ರಾಹಿಮನೂ ಮಲಗಬೇಕಾಯಿತು. ಇದನ್ನು ಕಟ್ಟಿದ ಮಲಿಕ್ ಸಂದಲನ ಹೆಸರು ಶಾಸನದಲ್ಲಿಯೇ ಇದೆ, ಅಷ್ಟು ದೊಡ್ಡ ಕೆಲಸ ಮಾಡಿದವನ ಹೆಸರು ಉಳಿದಿರುವುದು ನಮ್ಮಲ್ಲಿ ಅಪರೂಪ. ಗೋರಿಯ ಹೊರಗೋಡೆಯ ತುಂಬ ಅರಬ್ಬಿ ಅಕ್ಷರಗಳ ಉಬ್ಬುಕೆತ್ತನೆ. ಕಿಟಕಿಗಳ ಜಾಲಂಧ್ರವೂ ಅಕ್ಷರಗಳಿಂದಲೇ ಆದದ್ದು, ಅಂದರೆ ಒಳಗೆ ಬೀಳುವ ಬೆಳಕು ಬರಹವನ್ನು ದಾಟಿ ಬರುತ್ತದೆ. ಇಳಿಬಿಸಿಲು ಪಡುವಣ ಗೋಡೆಗೆ ತಾಕಿದಾಗ ಮಾತ್ರ ಆ ಕೆತ್ತನೆಯ ಆಳ ಕಣ್ಣಿಗೆ ಸಿಗುತ್ತದೆ, ನಡುಹಗಲಿನಲ್ಲಿ ಬಂದವರಿಗೆ ಅದು ಬರಿಯ ಕಪ್ಪು ಗೋಡೆ.

ಒಳಕೋಣೆಯ ಛಾವಣಿ ಇನ್ನೂ ಸೋಜಿಗದ್ದು. ಸುಮಾರು 40 ಅಡಿ ಚೌಕದ ಆ ಕೋಣೆಯ ಮೇಲೆ, ನಡುವೆ ಕಂಬವೂ ಇಲ್ಲದೆ, ಕಣ್ಣಿಗೆ ಕಾಣುವ ತೊಲೆಯೂ ಇಲ್ಲದೆ, ಕಲ್ಲುಗಳು ಅಂಚಿಗೆ ಅಂಚು ತಾಗಿಸಿಕೊಂಡು ಚಪ್ಪಟೆಯಾಗಿ ನಿಂತಿವೆ. ಗಾರೆಯ ಬಲವೊಂದನ್ನೇ ನಂಬಿ ಇಂಥದ್ದಕ್ಕೆ ಕೈಹಾಕಿದ ಧೈರ್ಯ, ಗೋಳಗುಮ್ಮಟದ ಗಾತ್ರಕ್ಕಿಂತ ನನಗೆ ಹೆಚ್ಚು ದೊಡ್ಡದಾಗಿ ಕಂಡಿತು. ಎದುರಿನ ಮಸೀದಿಯ ಸೂರಿನ ಮೂಲೆಗಳಿಂದ ತೂಗುವ ಕಲ್ಲಿನ ಸರಪಳಿಗಳನ್ನು ಮರೆಯದೆ ನೋಡಿ. ಈ ಸುಲ್ತಾನ ಸಂಗೀತದ ಹುಚ್ಚಿನವನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟವನು. ದಖನಿ ಭಾಷೆಯಲ್ಲಿ ತಾನೇ ರಚಿಸಿದ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಸಂಗ್ರಹದಲ್ಲಿ ಸರಸ್ವತಿಯನ್ನು ಸ್ತುತಿಸಿದವನು. ಪ್ರಜೆಗಳಿಂದ ಜಗದ್ಗುರು ಎನಿಸಿಕೊಂಡವನು. ಇದನ್ನು ತಿಳಿದು ನೋಡಿದರೆ ಆ ಕಟ್ಟಡದ ಲಯ ಬೇರೆಯಾಗಿಯೇ ಕಾಣುತ್ತದೆ. ಆರು ಗಂಟೆಗೆ ಬಾಗಿಲು ಹಾಕುವವರೆಗೂ ನಾವು ಹುಲ್ಲಿನ ಮೇಲೆಯೇ ಕುಳಿತಿದ್ದೆವು, ಗಿಳಿಗಳ ಹಿಂಡು ಮಿನಾರಿನ ಸುತ್ತ ಗಲಾಟೆ ಮಾಡುತ್ತಿತ್ತು.

ಮೊದಲ ದಿನದ ಅಸಮಾಧಾನ ವಸತಿಯದು. ಪೇಟೆಯ ನಡುವಿನ ಒಂದು ವಸತಿಗೃಹದಲ್ಲಿ ಕೋಣೆ ಮುಂಗಡ ಕಾಯ್ದಿರಿಸಿದ್ದರೂ ಬಿಸಿನೀರು ಬೆಳಿಗ್ಗೆ ಏಳರ ನಂತರವೇ ಎಂದು ರಾತ್ರಿ ತಿಳಿಸಿದರು. ಮರುದಿನ ಆರಕ್ಕೆ ಹೊರಡಬೇಕಾದ ನಮಗೆ ಅದು ತಣ್ಣೀರೇ ಆಯಿತು. ಡಿಸೆಂಬರಿನ ವಿಜಯಪುರದ ಮುಂಜಾವು ಬೆಂಗಳೂರಿನವರಿಗೂ ಚಳಿ ಹುಟ್ಟಿಸುವಷ್ಟು ತಂಪು ಎಂಬುದನ್ನು ಗಮನದಲ್ಲಿಟ್ಟು, ಇದೊಂದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಬೇಸಿಗೆಯಲ್ಲಂತೂ ಇತ್ತ ತಲೆಹಾಕಲೇಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ, ಕಪ್ಪು ಕಲ್ಲಿನ ಮೇಲೆ ಬರಿಗಾಲಿಡುವುದು ಅಸಾಧ್ಯ.

ಇನ್ನು ಗೋಳಗುಮ್ಮಟ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ. ನಾವು ಹೋದಾಗ ಭಾರತೀಯರಿಗೆ 25 ರೂಪಾಯಿ, ಹದಿನೈದು ವರ್ಷದೊಳಗಿನವರಿಗೆ ಉಚಿತ. ಬೆಳಗಿನ ಗೋಳಗುಮ್ಮಟವೂ ಹನ್ನೊಂದು ಗಂಟೆಯ ಗೋಳಗುಮ್ಮಟವೂ ಒಂದೇ ಕಟ್ಟಡವಲ್ಲ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಒಳಗೆ ಕೇಳುವುದು ಒಂದು ಎಡೆಬಿಡದ ಮೊರೆತ ಮಾತ್ರ, ನನ್ನ ಬಾಲ್ಯದ ನೆನಪಿನಲ್ಲಿದ್ದದ್ದೂ ಅದೇ. ಬೆಳಿಗ್ಗೆ ಆರೂವರೆಗೆ ನಾವು ಒಳಗೆ ಕಾಲಿಟ್ಟಾಗ ಇದ್ದವರು ನಾಲ್ಕೈದು ಜನ, ನಡೆದಾಡಿ ಆರೋಗ್ಯ ಕಾಯ್ದುಕೊಳ್ಳಲು ಬರುವ ಊರಿನ ಹಿರಿಯರು. ಸುಮಾರು 18,000 ಚದರ ಅಡಿಯ ಆ ಹಜಾರದಲ್ಲಿ ಒಂದೂ ಕಂಬವಿಲ್ಲ. ನಡುವಿನ ಕಟ್ಟೆಯ ಮೇಲೆ ಮೊಹಮ್ಮದ್ ಆದಿಲ್‌ಶಾಹ, ಅವನ ಬೇಗಮರು, ಮಗಳು, ಮೊಮ್ಮಗ, ನರ್ತಕಿ ರಂಭಾ ಇವರ ಗೋರಿಗಳ ಪ್ರತಿರೂಪಗಳಿವೆ. ನಿಜವಾದ ಸಮಾಧಿಗಳು ಇವುಗಳ ನೇರ ಕೆಳಗೆ, ನೆಲಮಾಳಿಗೆಯಲ್ಲಿವೆ. ತೆಂಕಣ ಬಾಗಿಲಿನ ಮೇಲೆ ಸುಲ್ತಾನನ ಮರಣದ ವರ್ಷವನ್ನು, ಅಂದರೆ 1656ನ್ನು, ಹಿಜರಿ ಲೆಕ್ಕದಲ್ಲಿ ಹೇಳುವ ಶಾಸನವಿದೆ. ಅದೇ ಬಾಗಿಲಿನ ಬಳಿ ಸರಪಳಿಯಲ್ಲಿ ತೂಗುಹಾಕಿರುವ ‘ಬಿಜಲಿ ಪತ್ಥರ್’ ಎಂಬ ಕಲ್ಲು ಸಿಡಿಲಿನಿಂದ ಕಟ್ಟಡವನ್ನು ಕಾಯುತ್ತದೆಯೆಂದು ನಂಬಿಕೆ.

ಚೌಕದ ಮೇಲೆ ವೃತ್ತವನ್ನು ಕೂರಿಸುವುದು ಹೇಗೆ ಎಂಬ ಪ್ರಶ್ನೆಗೆ ಇಲ್ಲಿ ಸಿಕ್ಕ ಉತ್ತರವನ್ನು ನೆಲದಿಂದಲೇ ಓದಬಹುದು. ಹಜಾರದ ನಡುವೆ ನಿಂತು ಮೇಲೆ ನೋಡಿ. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟಂತೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ ಎಂಟು ಮೊನೆಯ ನಕ್ಷತ್ರವಾಗುತ್ತವೆ, ಆ ನಕ್ಷತ್ರ ಒಳಕ್ಕೆ ಬಾಗಿ ಗುಮ್ಮಟಕ್ಕೆ ದುಂಡನೆಯ ಪೀಠ ಕೊಡುತ್ತದೆ. ಹೀಗೆ ಒಳಕ್ಕೆ ಬಾಗಿದ ಕಟ್ಟಡದ ತೂಕ, ಹೊರಕ್ಕೆ ಜಾರಲೆಳಸುವ ಗುಮ್ಮಟವನ್ನು ಹಿಡಿದು ನಿಲ್ಲಿಸುತ್ತದೆ. ಗುಮ್ಮಟ ಕಲ್ಲಿನದಲ್ಲ, ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಗೋಡೆಯ ಹತ್ತಿರ ಅದರ ದಪ್ಪ ಸುಮಾರು 10 ಅಡಿ. ಕಟ್ಟಿದವನು ದಾಭೋಳದ ಯಾಕೂತನೆಂದು ಹೇಳಲಾಗುತ್ತದೆ. ‘ಪ್ರಪಂಚದ ಎರಡನೆಯ ದೊಡ್ಡ ಗುಮ್ಮಟ’ ಎಂದು ಮಾರ್ಗದರ್ಶಿಗಳು ಹೇಳುವ ಮಾತನ್ನು ಮಾತ್ರ ಹಾಗೆಯೇ ನುಂಗಬೇಕಿಲ್ಲ. ಒಳ ಅಡ್ಡಗಲ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್ 43 ಮೀಟರನ್ನೂ, ಸಂತ ಪೀಟರನ ಚರ್ಚು 41 ಮೀಟರನ್ನೂ ದಾಟುತ್ತವೆ. ಕಂಬವಿಲ್ಲದ ನೆಲದ ವಿಸ್ತಾರದಲ್ಲಿ ನಮ್ಮದು ಪ್ಯಾಂಥಿಯನ್ನನ್ನು ಮೀರಿಸುತ್ತದೆ ಎಂಬುದು ನಿಜವಾದ ಹೆಗ್ಗಳಿಕೆ, ಅಷ್ಟು ಸಾಕಲ್ಲವೇ.

ಮೇಲೆ ಹೋಗುವ ದಾರಿ ಮೂಲೆಗಳಲ್ಲಿರುವ ಏಳಂತಸ್ತಿನ ಎಂಟುಮೂಲೆಯ ಗೋಪುರಗಳೊಳಗಿನದು. ಮೆಟ್ಟಿಲು ಕಿರಿದು, ಕಡಿದು, ಅಲ್ಲಲ್ಲಿ ಸವೆದು ಜಾರುತ್ತವೆ. ಎದುರಿನಿಂದ ಇಳಿಯುವವರಿದ್ದರೆ ಗೋಡೆಗೆ ಅಂಟಿ ನಿಲ್ಲಬೇಕು. ಮಂಡಿನೋವಿರುವವರಿಗೆ ನಾನು ಶಿಫಾರಸು ಮಾಡಲಾರೆ. ಅಮ್ಮ ಎರಡು ಅಂತಸ್ತು ಏರಿ, ಉಸಿರು ಬಿಗಿಹಿಡಿದು, ‘ನೀನು ಮೇಲಿನಿಂದ ಮಾತಾಡು, ನಾನು ಇಲ್ಲಿಂದಲೇ ಕೇಳಿಸ್ಕೋತೀನಿ’ ಎಂದು ಕೆಳಗಿಳಿದು ಹಜಾರದಲ್ಲಿ ಕುಳಿತರು. ಮೇಲಿನ ತಾರಸಿಯಿಂದ ಊರಿನ ನೋಟ ಒಂದು ಬಹುಮಾನ: ಹಿಂದಿನ ದಿನ ನೋಡಿದ ಜುಮ್ಮಾ ಮಸೀದಿಯ ಗುಮ್ಮಟ, ದೂರದಲ್ಲಿ ಇಬ್ರಾಹಿಂ ರೋಜಾದ ಮಿನಾರು, ನಡುವೆ ಬೇವಿನ ಮರಗಳು. ಒಳಗಿನ ಪಿಸುಗುಟ್ಟುವ ಮೊಗಸಾಲೆ ನೆಲದಿಂದ ನೂರು ಅಡಿಗೂ ಮೇಲಿದೆ. ಅಲ್ಲಿ ನಿಜಕ್ಕೂ ಮಾಡಬೇಕಾದದ್ದು ಕೂಗುವುದಲ್ಲ. ಒಬ್ಬರು ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಬೇಕು, ಇನ್ನೊಬ್ಬರು ನೇರ ಎದುರಿನ ಬದಿಯಲ್ಲಿ ಗೋಡೆಗೆ ಕಿವಿಯಿಟ್ಟು ಕುಳಿತಿರಬೇಕು; ಬಾಗಿದ ಗೋಡೆಯನ್ನು ಅಪ್ಪಿಕೊಂಡು ಸಾಗುವ ದನಿ ಅಷ್ಟು ದೂರಕ್ಕೂ ಕಿವಿಯ ಪಕ್ಕದಲ್ಲೇ ಹೇಳಿದಂತೆ ತಲಪುತ್ತದೆ. ಎದುರು ಬದಿಯಲ್ಲಿ ಕುಳಿತಿದ್ದ ಅಪರಿಚಿತ ಹಿರಿಯರೊಬ್ಬರು ಪಿಸುದನಿಯಲ್ಲಿ ‘ಯಾವೂರ್ರಿ ತಮ್ದು?’ ಎಂದು ಕೇಳಿದ್ದು, ನಾನು ಅಷ್ಟೇ ಮೆಲ್ಲಗೆ ಊರ ಹೆಸರು ಹೇಳಿದ್ದು ಈ ಪ್ರವಾಸದ ನನ್ನ ಅತ್ಯಂತ ಪ್ರಿಯವಾದ ಸಂಭಾಷಣೆ. ಚಪ್ಪಾಳೆಯೊಂದು ಏಳರಿಂದ ಹತ್ತು ಬಾರಿ ಮರಳುತ್ತದೆ ಎನ್ನುತ್ತಾರೆ. ನಾನು ಏಳನ್ನು ಎಣಿಸಿದೆ. ಎಂಟೂವರೆಗೆ ಮೊದಲ ಶಾಲೆಯ ಮಕ್ಕಳು ಕೇಕೆ ಹಾಕುತ್ತ ಏರಿ ಬಂದರು, ನಾವು ಇಳಿದೆವು.

ಗೋಳಗುಮ್ಮಟದ ಮುಂದಿರುವ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, 1892ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯವಿದೆ. ಶಾಸನ, ಶಿಲ್ಪ, ಚೀನಾ ಪಿಂಗಾಣಿ, ಆಯುಧ, ರತ್ನಗಂಬಳಿ, ಹಸ್ತಪ್ರತಿಗಳು ಅಲ್ಲಿವೆ. ಶುಕ್ರವಾರ ರಜೆ. ಒಂದು ತಾಸು ಸಾಕು. 1646ರ ಅಸಾರ್ ಮಹಲನ್ನು, ಮೊದಲು ನ್ಯಾಯಸಭೆಯಾಗಿದ್ದ ಕಟ್ಟಡವೆಂಬ ಕಾರಣಕ್ಕೆ, ಅದರ ಎತ್ತರದ ಮರದ ಕಂಬಗಳಿಗಾಗಿ ಹೊರಗಿನಿಂದ ನೋಡಿ ಬಂದರಾಯಿತು. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲವೆಂಬ ರೂಢಿ ಅಲ್ಲಿದೆ, ಅಮ್ಮ ಕೊಳದ ಕಟ್ಟೆಯ ಮೇಲೆಯೇ ಕುಳಿತರು. ಶಿವಗಿರಿಯ ದೊಡ್ಡ ಶಿವನ ಮೂರ್ತಿ ಮಕ್ಕಳಿದ್ದವರಿಗೆ ಸರಿ.

ತೋಪುಗಳ ಮಾತು ಬೇರೆ. ಪಶ್ಚಿಮದ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಉದ್ದ 14 ಅಡಿ ಮೀರಿದ, ಸುಮಾರು 55 ಟನ್ ತೂಕದ ಈ ತೋಪಿನ ಬಾಯಿ ಆನೆಯನ್ನು ಜಗಿಯುತ್ತಿರುವ ಸಿಂಹಮುಖದಂತಿದೆ. ಗಂಟೆಯ ಲೋಹದ್ದಾದ್ದರಿಂದ ಬೆರಳಿನಿಂದ ತಟ್ಟಿದರೂ ಸಣ್ಣಗೆ ಮೊಳಗುತ್ತದೆ, ಮುಂಜಾನೆಯ ತಂಪು ಇನ್ನೂ ಅದರ ಮೈಯಲ್ಲಿತ್ತು. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ, ಆಮೇಲೆ ಮಾರಾಟ ರದ್ದಾಗಿ ತೋಪು ಊರಿನಲ್ಲಿಯೇ ಉಳಿಯಿತು. ಹತ್ತಿರದಲ್ಲಿಯೇ ಇರುವ 80 ಅಡಿ ಎತ್ತರದ ಉಪಲಿ ಬುರುಜಿಗೆ ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲುಗಳಿದ್ದು, ಮೇಲೆ 30 ಅಡಿ ಉದ್ದದ ಇನ್ನೊಂದು ತೋಪಿದೆ. ಅಂಚಿಗೆ ಕಟಕಟೆ ಕಡಿಮೆ, ಮಕ್ಕಳ ಕೈ ಬಿಡಬೇಡಿ.

ಮಧ್ಯಾಹ್ನ ಅಮ್ಮನ ಆಸೆಯಂತೆ ಜ್ಞಾನಯೋಗಾಶ್ರಮಕ್ಕೆ ಹೋದೆವು. ಪ್ರವಾಸಿಗರ ಪಟ್ಟಿಯಲ್ಲಿ ಇದು ಇರುವುದಿಲ್ಲ, ಇರಬೇಕು ಎಂಬುದು ನನ್ನ ಅಭಿಪ್ರಾಯ. 2023ರ ಜನವರಿ 2ರಂದು ಲಿಂಗೈಕ್ಯರಾದ, ಈ ಆಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು, ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನೀರಿನಲ್ಲಿ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಬೆಳಿಗ್ಗೆ ಆ ಗುಮ್ಮಟದಡಿ ನಿಂತು ಬಂದ ಕಣ್ಣಿಗೆ ಆಶ್ರಮದ ಸರಳ ಅಂಗಳ ಎಷ್ಟು ವಿಶಾಲವಾಗಿ ಕಂಡಿತೆಂದರೆ ಅಮ್ಮ ಅರ್ಧ ತಾಸು ಒಂದು ಮಾತನ್ನೂ ಆಡಲಿಲ್ಲ.

ಬಾರಾ ಕಮಾನನ್ನು ಕೊನೆಗೆ ಇಟ್ಟುಕೊಂಡದ್ದು ಸರಿಯಾಯಿತು. ಎರಡನೆಯ ಅಲಿ ತನಗಾಗಿ ಆರಂಭಿಸಿ 1672ರಲ್ಲಿ ತೀರಿಕೊಂಡದ್ದರಿಂದ ಅರ್ಧಕ್ಕೇ ನಿಂತ ಗೋರಿ ಇದು. ಎತ್ತರದ ಜಗಲಿಯ ಮೇಲೆ ಛಾವಣಿಯೂ ಇಲ್ಲದೆ, ಗುಮ್ಮಟವೂ ಇಲ್ಲದೆ, ಕಪ್ಪು ಕಲ್ಲಿನ ಕಮಾನುಗಳು ಬರಿದೇ ನಿಂತಿವೆ. ಇದರ ನೆರಳು ಗೋಳಗುಮ್ಮಟದ ಮೇಲೆ ಬಿದ್ದೀತೆಂದು ಹೆದರಿ ತಂದೆಯೇ ಮಗನನ್ನು ಕೊಲ್ಲಿಸಿದನೆಂಬ ಕಥೆಯನ್ನು ಒಬ್ಬ ಮಾರ್ಗದರ್ಶಿ ಬಹಳ ರಸವತ್ತಾಗಿ ಹೇಳುತ್ತಿದ್ದ. ತಂದೆ ಮೊಹಮ್ಮದ್ ತೀರಿಕೊಂಡದ್ದು 1656ರಲ್ಲಿ, ಆ ಮೇಲೆ ಅಲಿ ಹದಿನಾರು ವರ್ಷ ಆಳಿದ. ಹಿಂದಿನ ದಿನದಿಂದ ಸುಲ್ತಾನರನ್ನು ಸರದಿಯಲ್ಲಿ ಭೇಟಿಯಾಗುತ್ತ ಬಂದ ನಮಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಅಮ್ಮ ನನ್ನತ್ತ ತಿರುಗಿ, ‘ಸತ್ತವನು ಹೇಗಪ್ಪ ಕೊಲ್ಲಿಸ್ತಾನೆ?’ ಎಂದು ಕೇಳಿದ್ದು ಮಾರ್ಗದರ್ಶಿಗೂ ಕೇಳಿಸಿತು. ಅವನು ನಗುತ್ತ, ‘ಜನಾ ಹಂಗ ಹೇಳ್ತಾರ್ರೀ ಅವ್ವಾರ’ ಎಂದ. ಇಳಿಬಿಸಿಲಿನಲ್ಲಿ ಕಮಾನುಗಳ ನೆರಳು ಹುಲ್ಲಿನ ಮೇಲೆ ಉದ್ದುದ್ದ ಬಿದ್ದಿತ್ತು, ಪಾರಿವಾಳಗಳು ಕಲ್ಲಿನ ಸಂದಿಗಳಿಗೆ ಮರಳುತ್ತಿದ್ದವು.

ಟಾಂಗಾದವರು ಹೊರಗೆ ಕಾಯುತ್ತಿದ್ದರು. ಇಬ್ರಾಹಿಂ ಕಟ್ಟಿಸಹೊರಟ ಹೊಸ ಊರು ನವರಸಪುರದ ಅವಶೇಷಗಳು, ತೊರವಿಯ ನರಸಿಂಹನ ಗುಡಿ, ಸಾಠ್ ಕಬರ್ ಎಂಬ ಗೋರಿಗಳ ತಾಣ ಇವಕ್ಕೆಲ್ಲ ಮೂರನೆಯ ದಿನವೊಂದು ಬೇಕು ಎಂದು ಅವರು ಬೆರಳು ಮಡಿಚಿ ಎಣಿಸಿ ತೋರಿಸಿದರು. ನಿಲ್ದಾಣದ ದಾರಿಯಲ್ಲಿ ಅಮ್ಮ ಅರ್ಧ ಕಿಲೋ ಶೇಂಗಾ ಚಟ್ನಿ, ಒಂದು ಕಟ್ಟು ಖಡಕ್ ರೊಟ್ಟಿ, ಸ್ವಲ್ಪ ಒಣದ್ರಾಕ್ಷಿ ಕೊಂಡರು. ರೊಟ್ಟಿ ಮುರಿಯಬಾರದೆಂದು ರೈಲಿನಲ್ಲಿ ರಾತ್ರಿಯಿಡೀ ತಲೆಯ ಪಕ್ಕದಲ್ಲಿಯೇ ಇಟ್ಟುಕೊಂಡು ಮಲಗಿದರು.